ಮೂರನೇ ಕ್ಯಾನಿನ ನೀರು

ಭೂತಪ್ಪ ಹೊಸನಗರದ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಹದಿನೇಳು ವರ್ಷ ಅಟೆಂಡರ್ ಆಗಿದ್ದ. ಕಾಯಂ ಅಲ್ಲ, ದಿನಗೂಲಿ. ಹುಲಿಕಲ್ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು ಲ್ಯಾಬಿನ ಬೀಗ ತೆಗೆಯುತ್ತಿದ್ದ, ಸಂಜೆ ನಾವೆಲ್ಲ ಹೋದ ಮೇಲೆ ಬೀಗ ಹಾಕಿ ಹೋಗುತ್ತಿದ್ದ. ಆ ಲ್ಯಾಬಿನಲ್ಲಿ ಪಾಠ ಮಾಡುವವಳು ನಾನು, ವಾಗ್ದೇವಿ. ನನಗಿಂತ ಅವನು ಎಂಟು ವರ್ಷ ದೊಡ್ಡವನು. ಆದರೂ ಮೊದಲ ದಿನದಿಂದ ನಾನು ಅವನನ್ನು ಏಕವಚನದಲ್ಲೇ ಮಾತಾಡಿಸಿದೆ, ಅವನು ನನ್ನನ್ನು ಮೇಡಂ ಎಂದ. ನಮ್ಮ ಕಡೆ ಹಾಗೇ ನಡೆದು ಬಂದದ್ದು, ನಾನೂ ಹಾಗೇ ನಡೆಸಿಕೊಂಡು ಹೋದೆ.

ನನ್ನ ಬಾಯಿ ಜೋರು. ಇದನ್ನು ನಾನೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಊರಿನವರು ಹೇಳುತ್ತಾರೆ. ಸ್ಲೈಡ್ ಒಡೆದರೆ ಬೈಗುಳ, ಒಡೆಯದಿದ್ದರೆ ಒರೆಸಿಲ್ಲ ಎಂದು ಬೈಗುಳ. ನನ್ನನ್ನು ಕಂಡರೆ ಮಕ್ಕಳು ಗೋಡೆಗೆ ಅಂಟಿಕೊಂಡು ಹೋಗುತ್ತಾರೆ ಎಂಬ ಜಂಬವೂ ಇತ್ತು ನನಗೆ. ಭೂತಪ್ಪ ಮಾತ್ರ ಬೈಸಿಕೊಂಡು ಮುಗಿದ ಮೇಲೆ, "ಆಯ್ತಾ ಮೇಡಂ? ಹಂಗಾದ್ರೆ ಟೀ ತರ್ತೀನಿ," ಎಂದು ಹೊರಟುಬಿಡುತ್ತಿದ್ದ. ಆಮೇಲೆ ನಗು ತಡೆಯುವುದೇ ನನಗೆ ಕಷ್ಟವಾಗುತ್ತಿತ್ತು.

ಅವನ ಅಪ್ಪ ಇನ್ನೊಬ್ಬರ ಗದ್ದೆಯನ್ನು ಗೇಣಿಗೆ ಮಾಡಿದವರು. ಕಾನೂನು ಬಂದು ಗದ್ದೆ ಅವರದೇ ಆಯಿತು, ಆದರೆ ನಾಲ್ಕು ಮಕ್ಕಳಿಗೆ ಹಂಚಿದಾಗ ಭೂತಪ್ಪನ ಪಾಲಿಗೆ ಬಂದದ್ದು ವರ್ಷದ ಅಕ್ಕಿಗೆ ಸಾಕಾಗುವಷ್ಟು ಮಾತ್ರ. ಹಾಗಾಗಿ ಕಾಲೇಜಿಗೆ ಬಂದ. ಮಳೆಗಾಲ ಹಿಡಿದ ಕೂಡಲೇ ರಜೆ ಹೇಳಿ ಅಡಿಕೆಗೆ ಔಷಧಿ ಹೊಡೆಯುವವರ ಜೊತೆ ಹೋಗುತ್ತಿದ್ದ. ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿ ಕೊಳೆರೋಗ ಬಾರದಂತೆ ಹೊಡೆಯುತ್ತಾರಲ್ಲ, ಆ ನೀಲಿ ಔಷಧಿ. ವಯಸ್ಸಾದ ಮೇಲೆ ಮರ ಹತ್ತುವುದು ಬಿಟ್ಟು ಕೆಳಗೆ ಡ್ರಮ್ಮಿನ ಹತ್ತಿರ ನಿಂತು ಔಷಧಿ ಕಲೆಸುತ್ತಿದ್ದ. ಸುಣ್ಣ ಹೆಚ್ಚಾಯಿತೋ ತುತ್ತ ಹೆಚ್ಚಾಯಿತೋ ಎಂದು ಬಣ್ಣ ನೋಡಿಯೇ ಹೇಳುತ್ತಾನೆ ಎಂದು ಸುತ್ತಲಿನ ತೋಟದವರು ಅವನನ್ನೇ ಕರೆಯುತ್ತಿದ್ದರು. ಅವನು ವಾಪಸ್ ಬಂದ ಮೇಲೂ ಹದಿನೈದು ದಿನ ಅವನ ಉಗುರುಗಳು ನೀಲಿಯಾಗಿರುತ್ತಿದ್ದವು.

ಮೂರು ವರ್ಷದ ಹಿಂದೆ ನನಗೊಂದು ಸಂಶೋಧನಾ ಯೋಜನೆ ಸಿಕ್ಕಿತು. ಘಟ್ಟದ ಕೆಳಗಿನ ಕಡಲ ನೀರು ಎಷ್ಟು ಕೆಟ್ಟಿದೆ ಎಂದು ಸೀ ಅರ್ಚಿನ್ ಎಂಬ ಪ್ರಾಣಿಯ ಮೂಲಕ ಪತ್ತೆ ಮಾಡುವ ಕೆಲಸ. ಮುಷ್ಟಿಗಾತ್ರದ ದುಂಡನೆಯ ಪ್ರಾಣಿ, ಮೈತುಂಬ ಕಪ್ಪು ಮುಳ್ಳು, ಕಡಲ ಬಂಡೆಯ ಸಂದಿಯಲ್ಲಿ ಕೂತಿರುತ್ತದೆ. ಭೂತಪ್ಪ ಅದನ್ನು ಮೊದಲ ಸಲ ನೋಡಿ, "ಇದೇನು ಮೇಡಂ, ಮುಳ್ಳುಚೆಂಡು," ಎಂದ. ನಮ್ಮ ಲ್ಯಾಬಿನಲ್ಲಿ ಅದಕ್ಕೆ ಅದೇ ಹೆಸರು ನಿಂತಿತು. ಕಡಲೇ ಇಲ್ಲದ ಊರಿನಲ್ಲಿ ಕಡಲಿನ ಪರೀಕ್ಷೆ ಎಂದು ಸ್ಟಾಫ್ ರೂಮಿನಲ್ಲಿ ನಗಾಡಿದರು. ನಗಲಿ ಬಿಡಿ, ಯೋಜನೆ ಸಿಕ್ಕಿದ್ದು ನನಗೆ, ಕ್ಯಾಮರಾ ಇರುವ ಮೈಕ್ರೋಸ್ಕೋಪ್ ಇದ್ದದ್ದು ನಮ್ಮಲ್ಲಿ. ಹುಲಿಕಲ್ ಘಾಟಿ ಇಳಿದು ಹತ್ತಿದರೆ ಮಧ್ಯಾಹ್ನದೊಳಗೆ ನೀರೂ ಮುಳ್ಳುಚೆಂಡೂ ಲ್ಯಾಬಿನಲ್ಲಿ ಇರುತ್ತಿದ್ದವು.

ಪರೀಕ್ಷೆ ಕಷ್ಟದ್ದಲ್ಲ. ಮುಳ್ಳುಚೆಂಡಿಗೆ ಪೊಟ್ಯಾಸಿಯಂ ಉಪ್ಪಿನ ನೀರನ್ನು ಸೂಜಿಯಲ್ಲಿ ಚುಚ್ಚಿದರೆ ಹೆಣ್ಣು ಮೊಟ್ಟೆ ಬಿಡುತ್ತದೆ, ಗಂಡು ಹಾಲಿನಂಥ ಬೀಜ ಬಿಡುತ್ತದೆ. ("ತೋಟಕ್ಕೆ ಹಾಕೋ ಪೊಟ್ಯಾಷೇ ಅಲ್ವಾ ಮೇಡಂ ಇದು," ಎಂದ ಭೂತಪ್ಪ. ಹೌದು, ಅದೇ.) ಎರಡನ್ನೂ ಬೆರೆಸಿ, ಪರೀಕ್ಷೆ ಮಾಡಬೇಕಾದ ಕಡಲ ನೀರಿನ ಬಟ್ಟಲಿಗೆ ಹಾಕಬೇಕು. ಎರಡು ದಿನದಲ್ಲಿ ಮರಿಗಳಾಗುತ್ತವೆ. ನೀರು ಚೆನ್ನಾಗಿದ್ದರೆ ಮರಿ ನಾಲ್ಕು ಕಾಲಿನ ಸ್ಟೂಲನ್ನು ಕವಿಚಿ ಇಟ್ಟ ಹಾಗೆ ಕಾಣುತ್ತದೆ. ನೀರು ಕೆಟ್ಟಿದ್ದರೆ ಕಾಲು ಮೂಡುವುದೇ ಇಲ್ಲ, ಬರೀ ಉಂಡೆ. ನೂರು ಮರಿಯಲ್ಲಿ ಎಷ್ಟು ಉಂಡೆ ಎಂದು ಎಣಿಸಿದರೆ ನೀರಿನ ಗುಣ ತಿಳಿಯಿತು. ಭೂತಪ್ಪ ಎಣಿಸುವುದನ್ನು ಎರಡೇ ದಿನದಲ್ಲಿ ಕಲಿತ. ಎಂ.ಎಸ್ಸಿ. ಓದಿದ ನಮ್ಮ ಯೋಜನೆಯ ಸಹಾಯಕಿ ಅಪೇಕ್ಷಾ ಒಂದು ಬಟ್ಟಲು ಮುಗಿಸುವುದರೊಳಗೆ ಅವನು ಮೂರು ಮುಗಿಸುತ್ತಿದ್ದ, ಲೆಕ್ಕವೂ ಸರಿ ಇರುತ್ತಿತ್ತು.

ನಾಲ್ಕು ಜಾಗದ ನೀರು, ನಾಲ್ಕು ಕ್ಯಾನು. ಕೆಂಪು ಬಣ್ಣದಲ್ಲಿ ಒಂದರಿಂದ ನಾಲ್ಕು ನಂಬರ್ ಬರೆದಿದ್ದೆವು. ಮೂರನೇದು ಹೊಸಪಾರೆ ಎಂಬ ಸಣ್ಣ ಕಡಲ ಕೇರಿಯದು. ಆ ಕೇರಿಯ ಹೆಂಗಸರು ಬಂಡೆಗೆ ಅಂಟಿಕೊಂಡಿರುವ ಪಚ್ಚಿಲೆ ಕೀಳುತ್ತಾರೆ. ಹಸಿರು ಚಿಪ್ಪಿನ ಒಳಗೆ ಮಾಂಸ ಇರುತ್ತದಲ್ಲ, ಅದು. ಅವರಲ್ಲಿ ದುಗ್ಗಮ್ಮ ಎಂಬಾಕೆ ವಾರಕ್ಕೊಮ್ಮೆ ಬುಟ್ಟಿ ಹೊತ್ತು ಬಸ್ಸಿನಲ್ಲಿ ಘಾಟಿ ಹತ್ತಿ ಹೊಸನಗರದ ಸಂತೆಗೆ ಬರುತ್ತಿದ್ದಳು. ನಾನು ತಿನ್ನುವವಳಲ್ಲ, ನಮ್ಮದು ಹವ್ಯಕರ ಮನೆ. ಆದರೆ ತರಕಾರಿ ಕೊಳ್ಳುವಾಗ ಎದುರಿಗೇ ಕೂತಿರುತ್ತಿದ್ದಳು, ಅವಳ ಗಂಟಲು ಸಂತೆಯ ಆಚೆ ತುದಿಗೂ ಕೇಳುತ್ತಿತ್ತು. ಗಂಡ ದೋಣಿ ಮಗುಚಿ ಹೋದ ಮೇಲೆ ಆ ಬುಟ್ಟಿಯಲ್ಲೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿರುವವಳು ಎಂದು ಭೂತಪ್ಪ ಹೇಳಿದ್ದ.

ಒಂದು ಏಪ್ರಿಲ್ ತಿಂಗಳಲ್ಲಿ, ಕಡಲು ಇಳಿದಾಗ ನಾವು ನೀರು ತರಲು ಹೋಗುವ ದಿನಕ್ಕೆ ಎರಡು ದಿನ ಮೊದಲು, ನಾನು ಮೂರನೇ ಕ್ಯಾನನ್ನು ಎತ್ತಿ ನೋಡಿದೆ. ತಳದಲ್ಲಿ ಹಸಿರು ಪಾಚಿ. ವಿದ್ಯಾರ್ಥಿಗಳೆಲ್ಲ ಇದ್ದರು. "ಏನು ಭೂತಪ್ಪ, ಇದು ದನಕ್ಕೆ ಕಲಗಚ್ಚು ಕೊಡೋ ಬಕೆಟ್ ಅಂತ ಮಾಡ್ಕೊಂಡಿದೀಯಾ? ಹದಿನೇಳು ವರ್ಷದಿಂದ ಏನು ಕಡಿದೆ ಇಲ್ಲಿ?" ಎಂದೆ. ಇನ್ನೂ ಏನೇನೋ ಅಂದೆ. ಆ ದಿನ ಅವನು ಟೀ ತರುತ್ತೇನೆ ಎನ್ನಲಿಲ್ಲ. ಕ್ಯಾನನ್ನು ಎತ್ತಿಕೊಂಡು ಬಸ್ಸಿನಲ್ಲಿ ಮನೆಗೇ ಒಯ್ದ.

ಲ್ಯಾಬಿನ ಕ್ಯಾನನ್ನು ಆಮ್ಲದಲ್ಲಿ ತೊಳೆದು ಭಟ್ಟಿ ಇಳಿಸಿದ ನೀರಿನಲ್ಲಿ ಜಾಲಿಸಬೇಕು. ಅದನ್ನು ನಾನು ಅವನಿಗೆ ಯಾವತ್ತೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. 'ಚೆನ್ನಾಗಿ ತೊಳಿ' ಎಂದಷ್ಟೇ ಹೇಳಿದ್ದೆ. ನಮ್ಮ ಕಡೆಯ ತೋಟದವರಿಗೆ ಚೆನ್ನಾಗಿ ತೊಳೆಯುವುದು ಎಂದರೆ ಏನು ಗೊತ್ತೇ? ನೀರಿನ ತೊಟ್ಟಿಗೆ ಪಾಚಿ ಕಟ್ಟಿದರೆ ಒಂದು ಚಿಟಿಕೆ ಮೈಲುತುತ್ತ ಹಾಕಿ ಉಜ್ಜುತ್ತಾರೆ. ಆಮೇಲೆ ಆರು ತಿಂಗಳು ಅದರಲ್ಲಿ ಪಾಚಿ ಇಲ್ಲ, ಹುಳ ಇಲ್ಲ. ಭೂತಪ್ಪನೂ ಹಾಗೇ ಮಾಡಿದ. ಮೈಲುತುತ್ತದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹೊಳೆಯಲ್ಲಿ ಏಳು ಸಲ ತೊಳೆದು ತಂದ. ನನ್ನ ಬೈಗುಳಕ್ಕೆ ಅದು ಅವನು ಕೊಟ್ಟ ಉತ್ತರ. ಅಷ್ಟು ಶುದ್ಧವಾದ ಕ್ಯಾನು ಆ ಲ್ಯಾಬಿನಲ್ಲಿ ಯಾವತ್ತೂ ಇರಲಿಲ್ಲ ಎಂದು ಅವನು ನಂಬಿದ್ದ.

ಈಗ ಹೇಳುವ ಮಾತನ್ನು ನಾನು ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ನೀರು ತರಲು ಹೋಗುವ ದಿನ, ಜೀಪು ಘಾಟಿ ಇಳಿಯುತ್ತಿದ್ದಾಗ, ಹಿಂದಿನ ಸೀಟಿನಿಂದ ಭೂತಪ್ಪ ಹೇಳಿದ: "ಮೇಡಂ, ಮೂರನೇದಕ್ಕೆ ಮೈಲುತುತ್ತ ಹಾಕಿ ತೊಳ್ದಿದೀನಿ. ಒಂಚೂರು ಪಾಚಿ ಇಲ್ಲ ಈಗ, ನೋಡಿ." ನಾನು ಪ್ರಿನ್ಸಿಪಾಲ್ ಗಣೇಶಮೂರ್ತಿಯವರ ಜೊತೆ ಫೋನಿನಲ್ಲಿದ್ದೆ. ಫೋನನ್ನು ಕಿವಿಯಿಂದ ತೆಗೆಯದೆ, "ಹ್ಞೂಂ, ಆಯ್ತು," ಎಂದೆ. ಕೇಳಿಸಿರಲಿಲ್ಲ ಎಂದು ಹೇಳಿದರೆ ನಂಬುವವರು ಇದ್ದಾರೆ. ಆದರೆ ನನಗೆ ಕೇಳಿಸಿತ್ತು.

ಮೈಲುತುತ್ತ ಎಂದರೆ ತಾಮ್ರ. ಮುಳ್ಳುಚೆಂಡಿನ ಮರಿಗೆ ತಾಮ್ರದಷ್ಟು ಕೆಟ್ಟದ್ದು ಇನ್ನೊಂದಿಲ್ಲ, ಕಣ್ಣಿಗೆ ಕಾಣದಷ್ಟಿದ್ದರೂ ಸಾಕು. ಇದನ್ನು ನಾನೇ ತರಗತಿಯಲ್ಲಿ ಪಾಠ ಮಾಡಿದ್ದೆ.

ಎರಡು ದಿನದ ಮೇಲೆ ಎಣಿಸಿದೆವು. ಒಂದು, ಎರಡು, ನಾಲ್ಕನೇ ಕ್ಯಾನಿನ ನೀರಿನಲ್ಲಿ ಮರಿಗಳು ಚೆನ್ನಾಗಿದ್ದವು. ಮೂರನೇದರಲ್ಲಿ ನೂರಕ್ಕೆ ತೊಂಬತ್ತೊಂದು ಉಂಡೆ. ಹತ್ತು ಬಟ್ಟಲು ಇಟ್ಟಿದ್ದೆ, ಹತ್ತರಲ್ಲೂ ಅದೇ ಉತ್ತರ. ಹತ್ತೂ ಒಂದೇ ಕ್ಯಾನಿನ ನೀರಲ್ಲವೇ, ಬೇರೆ ಉತ್ತರ ಎಲ್ಲಿಂದ ಬರಬೇಕು? ಭೂತಪ್ಪ ಮೈಕ್ರೋಸ್ಕೋಪಿನಿಂದ ಮುಖ ಎತ್ತಿ, "ಪಾಪ, ನೂರಕ್ಕೆ ಹತ್ತೂ ಉಳೀಲಿಲ್ಲ ಮೇಡಂ," ಎಂದ. ನನಗೆ ಪಾಪ ಎನ್ನಿಸಲಿಲ್ಲ. ಖುಷಿಯಾಯಿತು. ಎರಡು ವರ್ಷ ಎಣಿಸಿ ಎಣಿಸಿ ಎಲ್ಲ ಕಡೆ ಚೆನ್ನಾಗಿದೆ ಎಂಬ ಸಪ್ಪೆ ಉತ್ತರವೇ ಬಂದಿತ್ತು, ಈಗ ಒಂದು ಕಡೆ ವಿಷ ಸಿಕ್ಕಿತ್ತು. ಜೀಪಿನಲ್ಲಿ ಅವನು ಹೇಳಿದ ಮಾತು ಒಮ್ಮೆ ತಲೆಗೆ ಬಂತು. ಚೆನ್ನಾಗಿ ತೊಳೆದಿರುತ್ತಾನೆ, ಬಿಡು, ಎಂದು ಅದನ್ನು ಕಳಿಸಿಬಿಟ್ಟೆ. ಇನ್ನೊಂದು ಸಲ ನೀರು ತಂದು ನೋಡಬೇಕಿತ್ತು. ಮಳೆಗಾಲ ಹತ್ತಿರ ಬಂತು, ಕಡಲಿಗೆ ಇಳಿಯಲಾಗದು ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡು ವರದಿ ಕಳಿಸಿದೆ.

ಸ್ಥಳೀಯ ಪತ್ರಿಕೆಯವರು ಬಂದರು. ನನ್ನ ಫೋಟೋ, ಕೈಯಲ್ಲಿ ಮುಳ್ಳುಚೆಂಡು. 'ಹೊಸಪಾರೆ ಕಡಲಲ್ಲಿ ವಿಷ' ಎಂದು ದಪ್ಪಕ್ಷರ. ಸಾಗರದಿಂದ, ತೀರ್ಥಹಳ್ಳಿಯಿಂದ ನೆಂಟರೆಲ್ಲ ಫೋನು ಮಾಡಿದರು. ಇಕ್ಕೇರಿ ಹತ್ತಿರದ ತವರುಮನೆಯಲ್ಲಿ ಆ ಪತ್ರಿಕೆಯನ್ನು ಕತ್ತರಿಸಿ ಇಟ್ಟರಂತೆ.

ಮುಂದಿನ ಸಂತೆಗೆ ದುಗ್ಗಮ್ಮ ಎಂದಿನ ಹಾಗೆ ಬಂದಳು. ನಾನು ಬೆಂಡೆಕಾಯಿ ಆರಿಸುತ್ತಾ ನೋಡುತ್ತಿದ್ದೆ. ಅವಳ ಮುಂದೆ ಯಾರೂ ನಿಲ್ಲಲಿಲ್ಲ. ಒಬ್ಬ ಹೋಗುತ್ತಾ ಹೋಗುತ್ತಾ, "ವಿಷ ಮಾರ್ತೀಯೇನೇ?" ಎಂದ. ದುಗ್ಗಮ್ಮ ಬಿಡುವವಳೇ? "ಹ್ವಾಯ್, ಇಷ್ಟ್ ವರ್ಷ ತಿಂದ್ರಿ, ಸತ್ರ್ಯಾ ಮಾರಾಯ್ರೆ?" ಎಂದಳು. ಸುತ್ತಲಿದ್ದವರು ನಕ್ಕರು, ಆದರೆ ಒಬ್ಬರೂ ಕೊಳ್ಳಲಿಲ್ಲ. ಅದರ ಮುಂದಿನ ವಾರವೂ ಬಂದಳು, ಅವತ್ತು ಅವಳ ಗಂಟಲು ಕೇಳಿಸಲಿಲ್ಲ. ತಂದದ್ದನ್ನು ಸಂಜೆ ಬಸ್‌ಸ್ಟ್ಯಾಂಡಿನ ಹಿಂದೆ ಸುರಿದು ಹೋದಳಂತೆ.

ಭೂತಪ್ಪ ಅದನ್ನೆಲ್ಲ ನೋಡುತ್ತಿದ್ದ. ಜೂನ್ ತಿಂಗಳಲ್ಲಿ, ರಜೆಗೆ ಹೋಗುವ ಮೊದಲು, ಒಂದು ಮಧ್ಯಾಹ್ನ ನನ್ನ ಕೋಣೆಯ ಬಾಗಿಲಲ್ಲಿ ನಿಂತ. "ಮೇಡಂ, ಸ್ವಲ್ಪ ಲ್ಯಾಬಿಗೆ ಬರ್ತೀರಾ? ಒಂದು ತೋರಿಸೋದಿದೆ." ಹೋದೆ. ಎರಡು ಕ್ಯಾನು ಪಕ್ಕಪಕ್ಕ ಇಟ್ಟಿದ್ದ, ಎರಡನೇದು ಮತ್ತು ಮೂರನೇದು. ಎರಡರಲ್ಲೂ ಮಳೆನೀರು ತುಂಬಿಸಿ, ಹೊರಗಿನ ಹೊಂಡದಿಂದ ಕಪ್ಪೆಮರಿ ತಂದು ಬಿಟ್ಟಿದ್ದ. ಎರಡನೇ ಕ್ಯಾನಿನಲ್ಲಿ ಅವು ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಿದ್ದವು. ಮೂರನೇದರಲ್ಲಿ ಎಲ್ಲ ಸತ್ತು ತೇಲುತ್ತಿದ್ದವು.

"ನಿನ್ನೆ ಬೆಳಿಗ್ಗೆ ಬಿಟ್ಟಿದ್ದು," ಎಂದ. "ಮುಚ್ಚಳದೊಳಗೆ ರಬ್ಬರ್ ಬಳೆ ಇದ್ಯಲ್ಲ ಮೇಡಂ, ಅದರ ಅಡಿ ನೋಡ್ಲೇ ಇಲ್ಲ ನಾನು. ಅಲ್ಲಿ ಕೂತಿದೆ ತುತ್ತ." ಮುಚ್ಚಳ ತಿರುಗಿಸಿ ತೋರಿಸಿದ. ರಬ್ಬರ್ ಬಳೆಯ ಅಡಿಯಲ್ಲಿ ನೀಲಿ ಕರೆ ಗಟ್ಟಿಯಾಗಿ ಕೂತಿತ್ತು. "ಹೊಸಪಾರೆ ನೀರಿನಲ್ಲಿ ಏನೂ ಇಲ್ಲ. ಇದ್ದದ್ದು ನಮ್ಮ ಕ್ಯಾನಿನಲ್ಲಿ. ಪೇಪರಿನವರಿಗೆ ಹೇಳಿ ಮೇಡಂ. ದುಗ್ಗಮ್ಮನ್ನ ನೋಡೋಕಾಗ್ತಿಲ್ಲ."

ಆ ಕ್ಷಣದಲ್ಲಿ ಒಬ್ಬ ಒಳ್ಳೆಯ ಅಧ್ಯಾಪಕಿ ಮಾಡಬೇಕಾದದ್ದು ಒಂದೇ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಫೇಲಾದ ಮನುಷ್ಯ, ಕಪ್ಪೆಮರಿ ಇಟ್ಟುಕೊಂಡು ನನ್ನ ಎರಡು ವರ್ಷದ ಕೆಲಸಕ್ಕಿಂತ ಸರಿಯಾದ ಪರೀಕ್ಷೆ ಮಾಡಿ ಮುಂದೆ ಇಟ್ಟಿದ್ದಾನೆ, ಅವನ ಬೆನ್ನು ತಟ್ಟಬೇಕಿತ್ತು. ನಾನು ಬಾಗಿಲು ಹಾಕಿದೆ. "ಯಾರಿಗಾದ್ರೂ ಹೇಳಿದೀಯಾ?" ಎಂದೆ.

"ಇಲ್ಲ."

"ಹೇಳಬೇಡ. ವರದಿ ಹೋಗಿಯಾಯ್ತು. ಈಗ ಇದು ಹೊರಗೆ ಬಂದ್ರೆ ನನ್ನ ಹೆಸರು ಹೋಗತ್ತೆ, ನಿನ್ನ ಕೆಲಸ ಹೋಗತ್ತೆ. ಕ್ಯಾನು ತೊಳ್ದಿದ್ದು ಯಾರು? ನೀನು ತಾನೇ?"

ಅವನು ಮೂರನೇ ಕ್ಯಾನನ್ನೇ ನೋಡುತ್ತಾ ನಿಂತ. "ಹೌದು ಮೇಡಂ, ನಾನೇ," ಎಂದ. ಜೀಪಿನಲ್ಲಿ ನಿಮಗೆ ಹೇಳಿದ್ದೆನಲ್ಲ ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ಇಲ್ಲ ಎಂದು ವಾದಿಸಲು ನಾನು ತಯಾರಾಗಿದ್ದೆ. ಥೂ, ಎಂಥ ಹೆಂಗಸು ನಾನು. ಅವನು ಸತ್ತ ಕಪ್ಪೆಮರಿಗಳನ್ನು ಸೋಸಿ ಕಾಗದದಲ್ಲಿ ಕಟ್ಟಿ, ಕ್ಯಾನನ್ನು ಬೀರುವಿನ ಹಿಂದೆ ಇಟ್ಟು ಹೋದ.

ಅದಾದ ಮೇಲೆ ಅವನು ಒಂದು ವಿಚಿತ್ರ ಕೆಲಸ ಶುರು ಮಾಡಿದ. ತೋಟದ ಔಷಧಿ ಕೆಲಸದ ಮಧ್ಯೆಯೂ ಸಂತೆಯ ದಿನ ಹೊಸನಗರಕ್ಕೆ ಬಂದು ದುಗ್ಗಮ್ಮನಿಂದ ಪಚ್ಚಿಲೆ ಕೊಂಡು, ಪಕ್ಕದ ಹೋಟೆಲಿನಲ್ಲಿ ಬೇಯಿಸಿಕೊಂಡು, ಅವಳ ಬುಟ್ಟಿಯ ಪಕ್ಕದಲ್ಲೇ ಎಲ್ಲರಿಗೂ ಕಾಣುವ ಹಾಗೆ ನಿಂತು ತಿನ್ನುತ್ತಿದ್ದ. "ನೋಡ್ರಪ್ಪಾ, ನಾನು ಕಾಲೇಜಿನವನೇ. ನಂಗೇನೂ ಆಗಿಲ್ಲ," ಎನ್ನುತ್ತಿದ್ದ. ಜನ ನಕ್ಕರು. ಪ್ರೊಫೆಸರು ವಿಷ ಅಂತಾರೆ, ಅಟೆಂಡರು ತಿಂತಾನೆ, ಯಾರನ್ನು ನಂಬುವುದು ಎಂದರು. ಅವನಿಗೂ ದುಗ್ಗಮ್ಮನಿಗೂ ಏನೋ ಇದೆ ಎಂದವರೂ ಇದ್ದರು. ಆ ಮಾತು ಹುಲಿಕಲ್‌ನಲ್ಲಿದ್ದ ಅವನ ಹೆಂಡತಿ ಕೆರಿಯಮ್ಮನ ಕಿವಿಗೂ ಬಿತ್ತು. ಜುಲೈ ಕೊನೆಗೆ ದುಗ್ಗಮ್ಮ ಬರುವುದನ್ನೇ ನಿಲ್ಲಿಸಿದಳು.

ನನಗೆ ಊಟ ಸೇರುತ್ತಿರಲಿಲ್ಲ. ನನ್ನ ಗಂಡ ಶ್ರೀಕಾಂತ, "ಎಂತಾತೇ ನಿಂಗೆ?" ಎಂದು ಕೇಳಿದರು. "ಎಂತೂ ಇಲ್ಲೆ," ಎಂದೆ. ಕಟ್ಟಿಕೊಂಡ ಗಂಡನಿಗೂ ಹೇಳಲಾಗದಷ್ಟು ನಾಚಿಕೆ. ಆದರೆ ಆ ನಾಚಿಕೆ ಹೊಟ್ಟೆಯಲ್ಲೇ ಇತ್ತು, ಬಾಯಿಗೆ ಬರಲಿಲ್ಲ. ಸಾಗರದ ವಿಚಾರ ಸಂಕಿರಣಕ್ಕೆ ನನ್ನನ್ನು ಕರೆದಾಗ ಬರುತ್ತೇನೆ ಎಂದೇ ಒಪ್ಪಿಕೊಂಡೆ.

ಆಗಸ್ಟಿನಲ್ಲಿ ಆ ಸಂಕಿರಣ. ಸಭಾಂಗಣ ತುಂಬಿತ್ತು. ಜಾಡಿಯಲ್ಲಿದ್ದ ಮುಳ್ಳುಚೆಂಡುಗಳನ್ನು ಹೊತ್ತು ತರಲು ಭೂತಪ್ಪ ಬಂದಿದ್ದ, ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ನಾನು ಮಾತಾಡಿ ಮುಗಿಸಿದೆ, ಚಪ್ಪಾಳೆ ಬಿತ್ತು. ಆಗ ಮಂಗಳೂರಿನಿಂದ ಬಂದಿದ್ದ ದೀಪ್ತಿ ಎಂಬ ವಿಜ್ಞಾನಿ ಎದ್ದು ನಿಂತು ಬಹಳ ಮೃದುವಾಗಿ ಕೇಳಿದರು: "ಮೂರು ಜಾಗ ಪೂರ್ತಿ ಸರಿ, ಒಂದು ಜಾಗ ಪೂರ್ತಿ ಕೆಟ್ಟದ್ದು. ಸ್ವಲ್ಪ ಅನುಮಾನ ಬರುತ್ತೆ. ಕ್ಯಾನುಗಳನ್ನು ಹೇಗೆ ತೊಳೆದಿದ್ರಿ?"

ಅಲ್ಲಿ ನಿಜ ಹೇಳಬಹುದಿತ್ತು. ಅಷ್ಟು ಸುಲಭದ ಬಾಗಿಲು ಮತ್ತೆ ತೆರೆಯುವುದಿಲ್ಲ. "ಆಮ್ಲದಲ್ಲಿ ತೊಳೆದು, ಭಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ ಜಾಲಿಸಿದ್ದು," ಎಂದೆ, ಪುಸ್ತಕದಲ್ಲಿ ಇದ್ದ ಹಾಗೆ.

"ಇಲ್ಲ," ಎಂಬ ಮಾತು ಹಿಂದಿನಿಂದ ಬಂತು.

ಎಲ್ಲರೂ ತಿರುಗಿದರು. ಭೂತಪ್ಪ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಿದ್ದ. "ಮೇಡಂ ಹೇಳಿಕೊಟ್ಟಿದ್ದು ಹಂಗೇ. ನಾನು ಹಂಗೆ ಮಾಡ್ಲಿಲ್ಲ. ಮೂರನೇ ಕ್ಯಾನನ್ನ ಮನೆಗೆ ತಗೊಂಡೋಗಿ ಮೈಲುತುತ್ತ ಹಾಕಿ ತೊಳ್ದೆ. ಮುಚ್ಚಳದಲ್ಲಿ ಉಳ್ಕೊಂಡಿತ್ತು. ಹೊಸಪಾರೆ ನೀರು ಚೆನ್ನಾಗಿದೆ. ಮೇಡಂಗೆ ಇದು ಗೊತ್ತಿಲ್ಲ." ಇಷ್ಟನ್ನೂ ನಿಧಾನವಾಗಿ ಹೇಳಿದ. ಕೊನೆಯ ಮಾತನ್ನು ಹೇಳುವಾಗ ನನ್ನನ್ನೇ ನೋಡಿದ. ಆಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ, ಆಮೇಲೆ ಹೊರಗೆ ಹೋದ.

ನಾನು ಏನು ಮಾಡಿದೆ ಎಂದು ಕೇಳುತ್ತೀರಾ? ಮೈಕಿನ ಮುಂದೆ ನಿಂತು, ನನಗೆ ಈಗಷ್ಟೇ ತಿಳಿಯಿತು, ವರದಿಯನ್ನು ವಾಪಸ್ ತೆಗೆದುಕೊಳ್ಳುತ್ತೇನೆ, ಮತ್ತೆ ಪರೀಕ್ಷೆ ಮಾಡುತ್ತೇನೆ ಎಂದೆ. ಮೊದಲಿಗಿಂತ ದೊಡ್ಡ ಚಪ್ಪಾಳೆ ಬಿತ್ತು. ತಪ್ಪನ್ನು ತುಂಬಿದ ಸಭೆಯಲ್ಲಿ ಒಪ್ಪಿಕೊಳ್ಳುವ ವಿಜ್ಞಾನಿಗಳು ಎಷ್ಟು ಜನ ಇದ್ದಾರೆ ಎಂದು ಅಧ್ಯಕ್ಷರು ನನ್ನನ್ನು ಹೊಗಳಿದರು. ಪತ್ರಿಕೆಯಲ್ಲೂ ಅದೇ ಬಂತು, ನನ್ನ ಪ್ರಾಮಾಣಿಕತೆ ಅಂತೆ.

ಗಣೇಶಮೂರ್ತಿಯವರು ಮುಂದಿನ ಸೋಮವಾರ ಭೂತಪ್ಪನನ್ನು ಕರೆದು ನಾಳೆಯಿಂದ ಬರುವುದು ಬೇಡ ಎಂದರು. ದಿನಗೂಲಿಯವನಿಗೆ ನೋಟೀಸು ಬೇಕಿಲ್ಲ. ಆ ಹೊತ್ತಿಗೆ ನಾನು ಅದೇ ಕೋಣೆಯಲ್ಲಿ ಅವರ ಎದುರಿನ ಕುರ್ಚಿಯಲ್ಲಿ ಕೂತಿದ್ದೆ. "ಇಂಥವರನ್ನು ಇಟ್ಟುಕೊಂಡು ನೀವಾದರೂ ಏನು ಮಾಡ್ತೀರಿ ಮೇಡಂ," ಎಂದರು ನನಗೆ. ನಾನು ತಲೆ ಆಡಿಸಿದೆ. ಭೂತಪ್ಪ ಲ್ಯಾಬಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಇಬ್ಬರಿಗೂ ಕೈಮುಗಿದು ಹೋದ. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು, ಅಷ್ಟು ಹೊತ್ತು ಅವನು ಎಲ್ಲಿ ಕೂತಿದ್ದನೋ ಗೊತ್ತಿಲ್ಲ.

ಮಳೆಗಾಲ ಮುಗಿದ ಮೇಲೆ ಹೊಸ ಕ್ಯಾನು ತಂದು, ನಾನೇ ಆಮ್ಲದಲ್ಲಿ ತೊಳೆದು, ಹೊಸಪಾರೆಯ ನೀರನ್ನು ಮೂರು ಸಲ ಪರೀಕ್ಷೆ ಮಾಡಿದೆ. ಮೂರು ಸಲವೂ ನೂರಕ್ಕೆ ತೊಂಬತ್ತೈದು ಮರಿ ಸರಿಯಾಗಿದ್ದವು. ನಾಲ್ಕು ಜಾಗದಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿದ್ದ ನೀರು. ಪತ್ರಿಕೆಯವರು ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಹಾಕಿದರು.

ಡಿಸೆಂಬರಿನಲ್ಲಿ ದುಗ್ಗಮ್ಮ ಮತ್ತೆ ಸಂತೆಗೆ ಬಂದಳು. ಬುಟ್ಟಿ ಸಣ್ಣದಾಗಿತ್ತು. ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ಬಂದರು, ಅರ್ಧ ಜನ ಬರಲಿಲ್ಲ. ನನ್ನನ್ನು ಕಂಡು ಅವಳೇ ಕರೆದಳು. ಹೋದೆ. "ಕಾಣಿ ಮೇಡಮ್ರೆ," ಎಂದಳು, "ತಪ್ಪಾಯ್ತು ಅಂದೇಳಿ ಪೇಪರ್ನಗೆ ಹಾಕ್ಸಿದ್ರಿ, ನೀವು ದೊಡ್ಡವ್ರು. ಆ ಭೂತಪ್ಪ ನಮ್ಮನಿ ತನ್ಕ ಬಂದ್ ಕೈ ಮುಗ್ದ. ನಾನ್ ಅಂಗ್ಳಕ್ಕೇ ಹತ್ಸಲಿಲ್ಲ. ನನ್ನ ಸಣ್ಣ್ ಮಗಳ್ ಕಾಲೇಜ್ ಬಿಟ್ಟದ್ದ್ ಅವ್ನಿಂದ ಅಲ್ದಾ?"

ನನ್ನ ಬಾಯಿ ಜೋರು ಎಂದೆನಲ್ಲ. ಅವತ್ತು ಅದು ಎಲ್ಲಿ ಹೋಗಿತ್ತೋ. ತರಕಾರಿ ಚೀಲ ಎತ್ತಿಕೊಂಡು ಸಂತೆಯಿಂದ ಹೊರಟುಬಿಟ್ಟೆ. ಮನೆಗೆ ಬಂದು ಶ್ರೀಕಾಂತರ ಮುಂದೆ ಮೊದಲ ಸಲ ಎಲ್ಲವನ್ನೂ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. "ನಾಳೆ ಬೆಳಿಗ್ಗೆ ಅವನ ಮನೆಗೆ ಹೋಗು," ಎಂದರು, ಅಷ್ಟೇ.

ಹೋದೆ. ಹುಲಿಕಲ್‌ನಲ್ಲಿ ಬಸ್ಸು ಇಳಿದು, ಕೇಳಿಕೊಂಡು ನಡೆದೆ. ಹದಿನೇಳು ವರ್ಷದಲ್ಲಿ ಅವನ ಮನೆ ಎಲ್ಲಿದೆ ಎಂದು ನಾನು ನೋಡಿರಲಿಲ್ಲ. ಭೂತಪ್ಪ ಅಂಗಳದಲ್ಲಿ ಕೂತು ಕತ್ತಿಯ ಹಿಡಿ ಸರಿ ಮಾಡುತ್ತಿದ್ದ. ನನ್ನನ್ನು ನೋಡಿ ಎದ್ದ, ಮಣೆ ತಂದು ಹಾಕಿದ. ಕೆರಿಯಮ್ಮ ಒಳಗಿನಿಂದ ಒಮ್ಮೆ ಇಣುಕಿ ನೋಡಿ ಒಳಗೇ ಹೋದಳು. ನೀರು ಬೇಕೆ ಎಂದು ಕೂಡ ಕೇಳಲಿಲ್ಲ, ಅವಳು ಮಾಡಿದ್ದೇ ಸರಿ.

"ಭೂತಪ್ಪ," ಎಂದೆ, "ಜೀಪಿನಲ್ಲಿ ನೀನು ಹೇಳಿದ್ದು ನನಗೆ ಕೇಳಿಸಿತ್ತು."

"ಗೊತ್ತು," ಎಂದ.

"ಗೊತ್ತಿದ್ದೂ ಸಾಗರದಲ್ಲಿ ಯಾಕೆ ಹಾಗೆ ಹೇಳಿದೆ? ಮೇಡಂಗೆ ಗೊತ್ತಿಲ್ಲ ಅಂತ?"

ಅವನು ಮತ್ತೆ ಕೂತು ಕತ್ತಿ ಕೈಗೆತ್ತಿಕೊಂಡ. "ನಾನು ನನ್ನ ಪಾಲಿಂದು ಹೇಳ್ದೆ. ನಿಮ್ಮ ಪಾಲಿಂದು ನೀವು ಹೇಳ್ತೀರಿ ಅನ್ಕೊಂಡೆ. ನಿಮ್ಮ ಮರ್ಯಾದೆ ನಿಮ್ಮ ಬಾಯಿಂದ್ಲೇ ಉಳೀಲಿ ಅಂತ ಅಲ್ಲೇ ನಿಂತು ಕಾದೆ. ನೀವು ಬಾಟ್ಲಿ ತಗೊಂಡು ನೀರು ಕುಡಿದ್ರಿ. ನಿಧಾನಕ್ಕೆ ಮುಚ್ಚಳ ಹಾಕಿದ್ರಿ. ಆವಾಗ ಗೊತ್ತಾಯ್ತು ಇವರು ಹೇಳಲ್ಲ ಅಂತ. ಆಮೇಲೆ ಹೊರಗೆ ಬಂದೆ."

ಇಷ್ಟು ವರ್ಷ ನಾನು ಅವನಿಗೆ ಬೈದ ಬೈಗುಳವೆಲ್ಲ ಒಟ್ಟು ಮಾಡಿದರೂ ಆ ಮಾತಿನ ಮುಂದೆ ಏನೂ ಅಲ್ಲ. ಅವನು ದನಿ ಕೂಡ ಎತ್ತಿರಲಿಲ್ಲ. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಎಲ್ಲವನ್ನೂ ಬರೆಯುತ್ತೇನೆ ಎಂದೆ. ಜೀಪಿನ ಮಾತು, ಕಪ್ಪೆಮರಿ, ನಾನು ಬಾಗಿಲು ಹಾಕಿಕೊಂಡದ್ದು, ಸಾಗರದಲ್ಲಿ ಹೇಳಿದ ಸುಳ್ಳು, ಯಾವುದನ್ನೂ ಬಿಡುವುದಿಲ್ಲ ಎಂದೆ. ನನ್ನ ಹೆಸರು, ನಿನ್ನ ಹೆಸರು, ದುಗ್ಗಮ್ಮನ ಹೆಸರು ಹಾಕಿಯೇ ಬರೆಯುತ್ತೇನೆ ಎಂದೆ. ಅವನು ಬೇಡ ಎನ್ನುತ್ತಾನೆ ಎಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ಕಾಯುತ್ತಿದ್ದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಭೂತಪ್ಪ ಕತ್ತಿಯ ಹಿಡಿಯನ್ನು ಕಲ್ಲಿಗೆ ಕುಟ್ಟಿ ಗಟ್ಟಿ ಮಾಡಿದ.

"ಬರೀರಿ," ಎಂದ. "ಬರ್ದು ಮೊದ್ಲು ದುಗ್ಗಮ್ಮಂಗೆ ಓದಿ ಹೇಳಿ. ನಾನು ಅಚ್ಚಾದ್ಮೇಲೆ ಓದ್ತೀನಿ. ಅಲ್ಲೀತಂಕ ಮನೆಗೆ ಬರೋದು ಬೇಡ ಮೇಡಂ."